ತವರಿನ ಬಲ ಮಣ್ಣಿನಲ್ಲಿಲ್ಲ

"ನೀನೀಗ ಯಾರ ಕಡೆನಯ್ಯಾ?"

2010ರ ಜನವರಿ, ಸಂಕ್ರಾಂತಿಯ ಆಸುಪಾಸು. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್. ಕರ್ನಾಟಕಕ್ಕೂ ಮುಂಬಯಿಗೂ. ಹಬ್ಬಕ್ಕೆ ಅಕ್ಕನ ಮನೆಗೆ ಬಂದಿದ್ದ ನನ್ನನ್ನು ಭಾವ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಪ್ರಶ್ನೆ ಅವರದೇ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಈ ಪ್ರಶ್ನೆ ಹೊಸದಲ್ಲ. ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಕರ್ನಾಟಕದ ಕಡೆ ಭಾವ, ಅದರಲ್ಲೇನು ಅನುಮಾನ" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಕರ್ನಾಟಕ ಗೆಲ್ಲೋದಕ್ಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ಸುತ್ತ ಜನವೋ ಜನ, ಒಂದೊಂದು ರನ್ನಿಗೂ ಕೂಗು. ಕೊನೆಗೆ 331ಕ್ಕೆ ಎಲ್ಲರೂ ಔಟು, ಆರು ರನ್ನಿನಲ್ಲಿ ಸೋಲು. ವಾಪಸು ಬರುವಾಗ ಭಾವ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಅಂದರು: "ಜನ ಇನ್ನೂ ಸ್ವಲ್ಪ ಕೂಗಬೇಕಿತ್ತು. ನಮ್ಮ ಮನೆ ಅಂಗಳದಲ್ಲಿ ನಾವು ಸೋಲೋದಾ?" ಹಾಗನ್ನುತ್ತಾ ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಆ ಆರು ರನ್ನಿನಲ್ಲಿ ಒಂದೆರಡು ನನ್ನ ಲೆಕ್ಕಕ್ಕೇ ಬರೆದುಕೊಂಡ ಹಾಗಿತ್ತು.

ಭಾವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಆ ಮಾತಿನ ಮೇಲೆ ನನಗೆ ಜಗಳ ಇದೆ. ತವರಿನಲ್ಲಿ ಆಡುವವನು ಗೆಲ್ಲುವುದು ಮಣ್ಣಿನ ಗುಣದಿಂದ, ಜನರ ಕೂಗಿನಿಂದ, ನೀರು-ಗಾಳಿ ಕೊಡುವ ಅದೇನೋ ಶಕ್ತಿಯಿಂದ ಅನ್ನುವ ನಂಬಿಕೆ ಅದು. ಊರಿನಲ್ಲಿರುವವರೆಲ್ಲ ಅದನ್ನು ಸತ್ಯ ಅಂತಲೇ ಇಟ್ಟುಕೊಂಡಿದ್ದಾರೆ. ಅದರ ಬಾಲದಲ್ಲೇ ಇನ್ನೊಂದು ಬರುತ್ತದೆ: ಊರು ಬಿಟ್ಟವನಿಗೆ ಆ ಶಕ್ತಿ ಇಲ್ಲ, ಅವನು ಯಾವತ್ತಿದ್ದರೂ ಪರರ ಅಂಗಳದಲ್ಲಿ ಆಡುವವನು. ಎರಡೂ ಸುಳ್ಳು ಅಂತ ನನ್ನ ವಾದ. ತವರಿನ ಅನುಕೂಲ ಅನ್ನೋದು ಖಂಡಿತ ಇದೆ. ಅದು ಎಲ್ಲಿಂದ ಬರುತ್ತದೆ ಅನ್ನೋದರಲ್ಲಿ ಮಾತ್ರ ನಾವು ನಮ್ಮನ್ನೇ ಮೋಸ ಮಾಡಿಕೊಳ್ಳುತ್ತಿದ್ದೇವೆ.

ಲೆಕ್ಕದಿಂದಲೇ ಶುರುಮಾಡೋಣ. ಆಟದಲ್ಲಿ ಲೆಕ್ಕ ಇಡುವ ಹುಚ್ಚು ಅಂದರೆ ಅಮೆರಿಕದ ಬೇಸ್‌ಬಾಲಿನವರದು. ನಮ್ಮ ಕ್ರಿಕೆಟ್ಟಿನ ದಾಯಾದಿ ಆಟ ಅದು. ಅಲ್ಲಿನ ದೊಡ್ಡ ಲೀಗಿನಲ್ಲಿ 30 ತಂಡ. ಒಂದೊಂದು ತಂಡಕ್ಕೂ ವರ್ಷಕ್ಕೆ 162 ಆಟ, ಅದರಲ್ಲಿ ಅರ್ಧ, ಅಂದರೆ 81, ತವರಿನಲ್ಲಿ. ನೂರು ವರ್ಷಕ್ಕೂ ಹೆಚ್ಚಿನ ಅಂಕಿ ಅಂಶ ಅವರ ಹತ್ತಿರ ಇದೆ. ಅದನ್ನೆಲ್ಲ ಕೂಡಿಸಿ ನೋಡಿದರೆ ತವರಿನ ತಂಡ ಗೆಲ್ಲುವುದು ನೂರಕ್ಕೆ ಸುಮಾರು 54 ಸಲ. ಅಂದರೆ 81ರಲ್ಲಿ ಸುಮಾರು 44. ಸರಿಸಮ ಅಂದರೆ ನಲವತ್ತೋ ನಲವತ್ತೊಂದೋ ಆಗಬೇಕಿತ್ತು. ಮಣ್ಣು, ಜನ, ಕೂಗು, ಸ್ವಂತ ಮಂಚ, ಎಲ್ಲ ಸೇರಿ ಕೊಡುವುದು ವರ್ಷಕ್ಕೆ ಮೂರು ಗೆಲುವು. ಇದೇ ಆ ಮಹಾಶಕ್ತಿ. 2019ರ ವರ್ಲ್ಡ್ ಸೀರೀಸ್ ಫೈನಲ್ಲಿನಲ್ಲಿ ವಾಷಿಂಗ್ಟನ್ನಿಗೂ ಹ್ಯೂಸ್ಟನ್ನಿಗೂ ಏಳು ಆಟ ನಡೆಯಿತು. ಏಳರಲ್ಲಿ ಏಳನ್ನೂ ಹೊರಗಿನಿಂದ ಬಂದ ತಂಡವೇ ಗೆದ್ದಿತು. ಆ ಏಳು ದಿನ ಮಣ್ಣು ಎಲ್ಲಿಗೆ ಹೋಗಿತ್ತು?

ಆದರೂ ಆ 54 ಮಾತ್ರ ಹಟ ಹಿಡಿದು ಕೂತಿದೆ. ತಲೆಮಾರು ಬದಲಾದರೂ ಅದು 50ಕ್ಕೆ ಇಳಿಯುವುದಿಲ್ಲ. ಯಾಕೆ ಅನ್ನೋದೇ ಪ್ರಶ್ನೆ.

ಪ್ರಯಾಣದ ಸುಸ್ತು ಅಂತೀರಾ? 2011ರಲ್ಲಿ ಮಾಸ್ಕೊವಿಟ್ಜ್ ಎಂಬ ಅರ್ಥಶಾಸ್ತ್ರಜ್ಞ, ವರ್ತ್‌ಹೈಮ್ ಎಂಬ ಪತ್ರಕರ್ತ ಇಬ್ಬರೂ ಸೇರಿ 'ಸ್ಕೋರ್‌ಕಾಸ್ಟಿಂಗ್' ಅನ್ನುವ ಪುಸ್ತಕ ಬರೆದರು. ಒಂದೇ ಊರಿನ ಎರಡು ತಂಡ ಎದುರಾದಾಗಲೂ, ವಿಮಾನವೂ ಇಲ್ಲ ಹೋಟೆಲೂ ಇಲ್ಲದಾಗಲೂ, ತವರಿನ ಅನುಕೂಲ ಮಾಯವಾಗುವುದಿಲ್ಲ ಅಂತ ಅವರು ತೋರಿಸಿದರು. ಕೊನೆಗೆ ಬ್ಯಾಟ್ ಮಾಡುವ ಲಾಭ ಅಂತೀರಾ? ಬೇಸ್‌ಬಾಲಿನಲ್ಲಿ ಟಾಸ್ ಇಲ್ಲ, ತವರಿನವರೇ ಯಾವಾಗಲೂ ಎರಡನೆಯದಾಗಿ ಆಡುವುದು. ಆದರೆ ಅವರ ಮೇಲುಗೈ ಮೊದಲ ಇನ್ನಿಂಗ್ಸಿನಲ್ಲೇ ಎದ್ದು ಕಾಣುತ್ತದೆ, ಗುರಿ ಎಷ್ಟು ಅನ್ನೋದು ಇನ್ನೂ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ. ಜನರ ಕೂಗು ಆಟಗಾರನಿಗೆ ಹುರುಪು ಕೊಡುತ್ತದೆ ಅಂತೀರಾ? ಅದೇ ಪುಸ್ತಕದವರು ಬ್ಯಾಸ್ಕೆಟ್‌ಬಾಲಿನ ಫ್ರೀ ಥ್ರೋ ಲೆಕ್ಕ ತೆಗೆದರು. ಯಾರ ಅಡ್ಡಿಯೂ ಇಲ್ಲದೆ ನಿಂತು ಬುಟ್ಟಿಗೆ ಚೆಂಡು ಹಾಕುವುದು. ಎದುರುಗಡೆ ಸಾವಿರಾರು ಜನ ಅರಚುತ್ತಾ ಕೋಲು ಬೀಸುತ್ತಾ ಕೂತಿರುತ್ತಾರೆ. ತವರಿನವನೂ ಹೊರಗಿನವನೂ ಹೆಚ್ಚು ಕಮ್ಮಿ ಒಂದೇ ಪ್ರಮಾಣದಲ್ಲಿ ಹಾಕುತ್ತಾರೆ. ಕೂಗಿ ಗಂಟಲು ಹೋದದ್ದೇ ಬಂತು.

ಹಾಗಾದರೆ ಉಳಿದದ್ದು ಏನು? ಎರಡು. ಒಂದು, ಅಂಗಳದ ಪರಿಚಯ. ಬೇಸ್‌ಬಾಲ್ ಮೈದಾನಗಳು, ನಮ್ಮ ಕ್ರಿಕೆಟ್ ಮೈದಾನಗಳ ಹಾಗೇ, ಒಂದರಂತೆ ಇನ್ನೊಂದಿಲ್ಲ. ಬಾಸ್ಟನ್ನಿನ ಫೆನ್ವೇ ಪಾರ್ಕಿನ ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ ಇದೆ. ಅದಕ್ಕೆ ಬಡಿದ ಚೆಂಡು ಯಾವ ಕಡೆಗೆ ಪುಟಿಯುತ್ತದೆ ಅನ್ನೋದು ವರ್ಷಗಟ್ಟಲೆ ಅಲ್ಲಿ ನಿಂತವನಿಗೆ ಗೊತ್ತು, ನಿನ್ನೆ ಬಂದವನಿಗೆ ಗೊತ್ತಿಲ್ಲ. ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಅಲ್ಲೇ ಇದ್ದವನು ಅದಕ್ಕೆ ಒಗ್ಗಿಕೊಂಡಿರುತ್ತಾನೆ. ಇದು ಕಲಿತ ವಿದ್ಯೆ. ಮಣ್ಣು ಇದನ್ನು ಹುಟ್ಟಿನಿಂದ ಯಾರಿಗೂ ಕೊಟ್ಟಿಲ್ಲ. ಬಾಸ್ಟನ್ನಿನವನನ್ನು ಬೇರೆ ತಂಡ ಕೊಂಡುಕೊಂಡರೆ, ಮಾರನೇ ದಿನ ಅವನ ಜಾಗಕ್ಕೆ ಬಂದ ಪರವೂರಿನವನೂ ಅದನ್ನು ಕಲಿಯುತ್ತಾನೆ.

ಎರಡನೆಯದು ಅಂಪೈರು. 'ಸ್ಕೋರ್‌ಕಾಸ್ಟಿಂಗ್' ಬೊಟ್ಟು ಮಾಡಿದ್ದು ಅಲ್ಲಿಗೆ. ಸ್ಪಷ್ಟವಾದ ಎಸೆತಗಳಲ್ಲಿ ಅಂಪೈರು ತಪ್ಪುವುದಿಲ್ಲ. ಗೆರೆಯ ಮೇಲೆ ಬಿದ್ದ, ಹೀಗೂ ಹೇಳಬಹುದು ಹಾಗೂ ಹೇಳಬಹುದು ಅನ್ನುವ ಎಸೆತಗಳಲ್ಲಿ ತೀರ್ಪು ತವರಿನ ಕಡೆಗೆ ಒಂದು ಕೂದಲೆಳೆಯಷ್ಟು ವಾಲುತ್ತದೆ. ತೀರ್ಪು ಪರೀಕ್ಷಿಸುವ ಕ್ಯಾಮೆರಾ ಇದ್ದ ಮೈದಾನಗಳಲ್ಲಿ ಅದೇ ಅಂಪೈರುಗಳ ವಾಲಿಕೆ ನಿಂತುಹೋಗುತ್ತಿತ್ತು. ಗಮನಿಸಿ, ಬೇಸ್‌ಬಾಲ್ ಅಂಪೈರುಗಳಿಗೆ ತವರು ಮೈದಾನವೇ ಇಲ್ಲ, ಊರಿಂದೂರಿಗೆ ತಿರುಗುವ ಜನ ಅವರು. ಯಾರ ಮೇಲೂ ಪ್ರೀತಿ ಇಲ್ಲ, ದ್ವೇಷ ಇಲ್ಲ. ಆದರೂ ಸುತ್ತಲಿನ ಜನ ಒಪ್ಪುವ ತೀರ್ಪು ಕೊಡುವುದು ಸುಲಭ, ಒಪ್ಪದ್ದನ್ನು ಕೊಡುವುದು ಕಷ್ಟ. ಇಂಗ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದೇ ಫುಟ್‌ಬಾಲ್ ಪಂದ್ಯದ ಟೇಪನ್ನು ಕೆಲವು ರೆಫರಿಗಳಿಗೆ ಜನರ ಗದ್ದಲದ ಸಮೇತ, ಕೆಲವರಿಗೆ ಸದ್ದಿಲ್ಲದೆ ತೋರಿಸಿದರು. ಗದ್ದಲ ಕೇಳಿದವರು ತವರಿನ ತಂಡದ ಮೇಲೆ ಹಾಕಿದ ಫೌಲು ಸುಮಾರು 15 ಪ್ರತಿಶತ ಕಡಿಮೆ. ಅವರೆಲ್ಲ ಕೋಣೆಯೊಳಗೆ ಕೂತವರು, ಯಾರೂ ಅವರಿಗೆ ಕಲ್ಲು ಹೊಡೆಯುವಂತಿರಲಿಲ್ಲ!

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. 2020ರಲ್ಲಿ ಕೊರೊನಾ ಬಂದು ಬೇಸ್‌ಬಾಲ್ ಮೈದಾನಗಳೆಲ್ಲ ಖಾಲಿಯಾದವು. ಜನ ಇಲ್ಲ, ಕೂಗಿಲ್ಲ. ಅಂಪೈರೇ ಪೂರ್ತಿ ಕಾರಣ ಆಗಿದ್ದರೆ ತವರಿನ ಗೆಲುವು ಇಳಿಯಬೇಕಿತ್ತು. ಇಳಿಯಲಿಲ್ಲ. ನೂರಕ್ಕೆ 55ರ ಮೇಲೇ ನಿಂತಿತು. ಅದೇ ಹೊತ್ತಿಗೆ ಜರ್ಮನಿಯ ಫುಟ್‌ಬಾಲ್ ಲೀಗಿನಲ್ಲಿ, ಖಾಲಿ ಮೈದಾನದಲ್ಲಿ, ತವರಿನ ಗೆಲುವು ಗಣನೀಯವಾಗಿ ಕುಸಿಯಿತು. ಹಾಗಾಗಿ ಆಟದಿಂದ ಆಟಕ್ಕೆ ಪಾಲು ಬೇರೆ. ಫುಟ್‌ಬಾಲಿನಲ್ಲಿ ಅಂಪೈರಿಕೆಯ ಪಾಲು ದೊಡ್ಡದು, ಬೇಸ್‌ಬಾಲಿನಲ್ಲಿ ಪರಿಚಯದ ಪಾಲು ದೊಡ್ಡದು ಅನ್ನಬಹುದು. ಆದರೆ ಭಾವನ ವಾದಕ್ಕೆ ಇದರಿಂದ ಎರಡು ಕಡೆಯಿಂದಲೂ ಪೆಟ್ಟು. ಕೂಗು ಇಲ್ಲದೆಯೂ ತವರಿನವರು ಗೆದ್ದರು, ಅಂದರೆ ಕೂಗು ಗೆಲ್ಲಿಸಿದ್ದಲ್ಲ. ಕೂಗು ಕೆಲಸ ಮಾಡಿದ ಕಡೆ ಅದು ಮಾಡಿದ್ದು ತೀರ್ಪುಗಾರನ ಮೇಲೆ.

ಅದೇ 2020ರ ಇನ್ನೊಂದು ಕಥೆ ನನಗೆ ಬಹಳ ಇಷ್ಟ. ಟೊರಾಂಟೊ ತಂಡ ಕೆನಡಾದ್ದು. ಗಡಿ ಬಂದಾಗಿ ಅದಕ್ಕೆ ತನ್ನ ಊರಿನಲ್ಲೇ ಆಡಲು ಅನುಮತಿ ಸಿಗಲಿಲ್ಲ. ಅಮೆರಿಕದ ಬಫಲೋ ಊರಿನ ಸಣ್ಣ ಮೈದಾನವೊಂದನ್ನು ತವರು ಅಂತ ಕರೆದುಕೊಂಡು ಆಡಿತು. ಬೇರೆ ದೇಶ, ಬೇರೆ ಊರು, ಒಬ್ಬ ಪ್ರೇಕ್ಷಕನೂ ಇಲ್ಲ. ಅಲ್ಲಿ ಅವರು ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಮನೆ ಮಾಡಿದ ಯಾವ ಕನ್ನಡಿಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಪೈರ್ ವಿಷಯ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮುಂಬಯಿಯ ಮೈದಾನಗಳಲ್ಲಿ ಹದಿನೈದು ವರ್ಷ ಭಾನುವಾರಗಳಂದು ನಾನು ಬಿಳಿ ಕೋಟು ಹಾಕಿ ನಿಂತವನು. ಆಫೀಸು ತಂಡಗಳ ಮ್ಯಾಚು, ಸಂಘಗಳ ಮ್ಯಾಚು, ಒಂದು ಊಟ, ಬಸ್ಸಿನ ಖರ್ಚು. ಒಂದು ವರ್ಷ ನಮ್ಮ ಕನ್ನಡದವರೇ ನಡೆಸಿದ ಟೂರ್ನಮೆಂಟು. ಸುತ್ತ ನಮ್ಮವರೇ, ಶಾಮಿಯಾನದ ಕೆಳಗೆ ಬೋಂಡ ಕರಿಯುತ್ತಿದ್ದಾರೆ, ಮೈಕಿನಲ್ಲಿ ಕನ್ನಡ ಹಾಡು. ಎದುರಾಳಿ ತಂಡದಲ್ಲಿ ಹದಿನೇಳರ ಹುಡುಗನೊಬ್ಬ ನಲವತ್ತು ಚಿಲ್ಲರೆ ಹೊಡೆದು ನಿಂತಿದ್ದ, ಇನ್ನು ಐದು ಓವರ್ ಇದ್ದರೆ ಆಟ ಅವನದು. ಚೆಂಡು ಪ್ಯಾಡಿಗೆ ಬಡಿಯಿತು. ನಮ್ಮವರು ಹನ್ನೊಂದು ಜನವೂ, ಶಾಮಿಯಾನದ ಕೆಳಗಿನ ಇನ್ನೂರು ಜನವೂ ಒಟ್ಟಿಗೆ "ಹೌಜಾಟ್" ಅಂದರು. ನನ್ನ ಬೆರಳು ಮೇಲೆ ಹೋಯಿತು.

ಚೆಂಡು ಲೆಗ್ ಸ್ಟಂಪಿನ ಹೊರಗೆ ಪಿಚ್ ಆಗಿತ್ತು. ಹಾಗೆ ಬಿದ್ದರೆ ಎಲ್‌ಬಿಡಬ್ಲ್ಯು ಕೊಡುವ ಹಾಗೇ ಇಲ್ಲ ಅನ್ನೋದು ಮೊದಲ ಪಾಠ. ಬೆರಳು ಇಳಿಸುವಷ್ಟರಲ್ಲೇ ನನಗೆ ಅದು ಗೊತ್ತಾಗಿತ್ತು. ಹುಡುಗ ಜಗಳ ಆಡಲಿಲ್ಲ. ನನ್ನ ಪಕ್ಕ ಹಾದು ಹೋಗುವಾಗ ಮೆಲ್ಲಗೆ ಕೇಳಿದ: "ಅಂಕಲ್, ಬಾಲ್ ಬಾಹರ್ ಗಿರಾ ಥಾ ನಾ?" ನಾನು ಉತ್ತರ ಕೊಡಲಿಲ್ಲ. ನಮ್ಮವರು ಗೆದ್ದರು. ಸಂಜೆ ನನಗೂ ಒಂದು ಶಾಲು ಹೊದಿಸಿದರು.

ನನಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಆ ಹುಡುಗನ ಮೇಲೆ ನನಗೆ ಯಾವ ಸೇಡೂ ಇರಲಿಲ್ಲ. ಮನಸ್ಸಿನಲ್ಲಿ ಒಂದು ಕ್ಷಣ ಅನುಮಾನ ಇತ್ತು. ಅನುಮಾನ ಇದ್ದಾಗ ನಾನು ಸುತ್ತಲಿನ ಜನರ ಕಡೆಗೆ ವಾಲಿದೆ. ತವರಿನ ಬಲ ಅಂದರೆ ಅವತ್ತು ಅಷ್ಟೇ. ಆ ಮಣ್ಣೂ ನಮ್ಮದಲ್ಲ, ಮುಂಬಯಿಯದು. ಇನ್ನೂರು ಜನ ಮತ್ತು ಒಂದು ಬೆರಳು ಸೇರಿ ಅದನ್ನು ಒಂದು ಮಧ್ಯಾಹ್ನದ ಮಟ್ಟಿಗೆ ನಮ್ಮ ತವರು ಮಾಡಿದ್ದವು.

ಕ್ರಿಕೆಟ್ಟಿಗೆ ಈ ಸತ್ಯ ಒಪ್ಪಿಕೊಳ್ಳಲು ನೂರು ವರ್ಷ ಬೇಕಾಯಿತು. ದೇಶದೇಶಗಳ ನಡುವೆ ಟೆಸ್ಟ್ ನಡೆಯುತ್ತಿದ್ದ ಕಾಲದಲ್ಲೂ ಅಂಪೈರುಗಳು ತವರಿನವರೇ. ಹೋದ ಹೋದಲ್ಲೆಲ್ಲ ಪ್ರವಾಸಿ ತಂಡ ಗೊಣಗುವುದು, ತಮ್ಮ ಊರಿಗೆ ಬಂದಾಗ ಅದೇ ತಂಡ ಸುಮ್ಮನಿರುವುದು. 1986ರಲ್ಲಿ ಪಾಕಿಸ್ತಾನ ಲಾಹೋರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡುವಾಗ ನಮ್ಮ ದೇಶದ ವಿ. ಕೆ. ರಾಮಸ್ವಾಮಿ, ಪಿಲೂ ರಿಪೋರ್ಟರ್ ಇಬ್ಬರನ್ನೂ ಕರೆಸಿ ನಿಲ್ಲಿಸಿತು. ತವರಿನ ತಂಡವೇ ತನ್ನ ತವರಿನ ಬೆರಳನ್ನು ಬಿಟ್ಟುಕೊಟ್ಟದ್ದು ಅದು. 1994ರಿಂದ ಟೆಸ್ಟಿಗೆ ಒಬ್ಬ ತಟಸ್ಥ ಅಂಪೈರ್, 2002ರಿಂದ ಇಬ್ಬರೂ ತಟಸ್ಥರು. ಇದರ ಹಿಂದುಮುಂದಿನ ಟೆಸ್ಟುಗಳ ಎಲ್‌ಬಿಡಬ್ಲ್ಯುಗಳನ್ನು ಅರ್ಥಶಾಸ್ತ್ರಜ್ಞರು ಎಣಿಸಿದ್ದಾರೆ. ಇಬ್ಬರೂ ತವರಿನವರಿದ್ದಾಗ ಪ್ರವಾಸಿಗಳ ಮೇಲೆ ಬೆರಳು ಹೆಚ್ಚು ಏಳುತ್ತಿತ್ತು, ತಟಸ್ಥರು ಬಂದಂತೆ ಆ ಅಂತರ ಕರಗಿತು. ಆಮೇಲೆ 2008ರಿಂದ ಡಿಆರ್‌ಎಸ್. ಬೇಸ್‌ಬಾಲಿನವರೂ 2026ರ ಸೀಸನ್ನಿನಿಂದ ಅಂಪೈರಿನ ಕರೆಯನ್ನು ಕ್ಯಾಮೆರಾದ ಮುಂದೆ ಪ್ರಶ್ನಿಸಲು ಆಟಗಾರನಿಗೆ ಹಕ್ಕು ಕೊಡಲು ತೀರ್ಮಾನಿಸಿದರು.

ಬೆರಳು ಹೋದ ಮೇಲೆ ಕ್ರಿಕೆಟ್ಟಿನಲ್ಲಿ ಉಳಿದದ್ದು ಪಿಚ್ಚು. ಇಲ್ಲೂ ನಮ್ಮವರು ಮಣ್ಣಿನ ಮಹಿಮೆ ಅಂತಾರೆ. ಮಣ್ಣು ತಾನಾಗಿ ತಿರುಗುವುದಿಲ್ಲ ಸ್ವಾಮಿ, ನೀರು ಹಾಕುವವನು ನೀರು ನಿಲ್ಲಿಸಿದರೆ ತಿರುಗುತ್ತದೆ. 2013ರಿಂದ ಭಾರತ ತವರಿನಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿತು. 2024ರಲ್ಲಿ ನ್ಯೂಜಿಲೆಂಡ್ ಬಂತು. ಬೆಂಗಳೂರಿನಲ್ಲಿ ನಮ್ಮವರು 46ಕ್ಕೆ ಔಟು. ಪುಣೆಯಲ್ಲಿ ಸ್ಪಿನ್ನಿಗೆ ಪಿಚ್ಚು ತಿರುಗಿತು, ಆದರೆ ಅದರಲ್ಲಿ 13 ವಿಕೆಟ್ ತೆಗೆದವನು ಅವರ ಸ್ಯಾಂಟ್ನರ್. ಮುಂಬಯಿಯ ವಾಂಖೆಡೆಯಲ್ಲಿ 11 ವಿಕೆಟ್ ತೆಗೆದು ಸರಣಿಯನ್ನು 3-0 ಮಾಡಿದವನು ಎಜಾಜ್ ಪಟೇಲ್. 2021ರಲ್ಲಿ ಅದೇ ವಾಂಖೆಡೆಯಲ್ಲಿ ಒಂದೇ ಇನ್ನಿಂಗ್ಸಿನ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದವನು ಅವನೇ. ಹುಟ್ಟಿದ್ದು ಮುಂಬಯಿಯಲ್ಲಿ, ಎಂಟನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ನ್ಯೂಜಿಲೆಂಡಿಗೆ ಹೋದವನು. ಅವನಿಗೆ ತವರು ಯಾವುದು ಹೇಳಿ ನೋಡೋಣ. ಅವನಿಗಿಂತ ಮುಂಚೆ ಟೆಸ್ಟಿನಲ್ಲಿ ಹತ್ತೂ ವಿಕೆಟ್ ತೆಗೆದಿದ್ದ ನಮ್ಮ ಅನಿಲ್ ಕುಂಬ್ಳೆ ಆ ಕೆಲಸ ಮಾಡಿದ್ದು 1999ರಲ್ಲಿ, ಬೆಂಗಳೂರಿನಲ್ಲಲ್ಲ, ದೆಹಲಿಯಲ್ಲಿ.

ರಣಜಿಯಲ್ಲೂ ಪಿಚ್ಚಿನ ಆಟ ಅತಿಯಾಯಿತು ಅನ್ನಿಸಿ, 2016-17ರಲ್ಲಿ ಎಲ್ಲ ಪಂದ್ಯಗಳನ್ನೂ ತಟಸ್ಥ ಊರುಗಳಲ್ಲಿ ಆಡಿಸಿದರು. ಮುಂದಿನ ವರ್ಷವೇ ಕೈಬಿಟ್ಟರು. ಕೈಬಿಟ್ಟದ್ದೇ ಸರಿ. ಯಾರಿಗೂ ತವರಿಲ್ಲದ ಆಟ ಯಾರಿಗೆ ಬೇಕು? ತವರನ್ನೇ ಅಳಿಸಿಹಾಕಿ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಕೌಂಟಿಯಲ್ಲಿ 2016ರಿಂದ ಕೆಲವು ವರ್ಷ ಇನ್ನೊಂದು ಉಪಾಯ ಮಾಡಿದ್ದರು: ಬಂದ ತಂಡ ಮೊದಲು ಬೌಲಿಂಗ್ ಬೇಕು ಅಂದರೆ ಟಾಸ್ ಇಲ್ಲದೆ ತಗೊಳ್ಳಬಹುದು. ಪಿಚ್ಚು ನಿನ್ನದು, ಆಯ್ಕೆ ಅವನದು. ಹೀಗಾದಾಗ ಮನೆಯವನು ಪಿಚ್ಚನ್ನು ನೆಟ್ಟಗೆ ಮಾಡುತ್ತಾನೆ.

ಈಗ ಊರಿನಲ್ಲಿರುವ ನಿಮಗೆ ಹೇಳಬೇಕಾದ್ದು. ತವರಿನ ಅನುಕೂಲದಲ್ಲಿ ಎರಡು ಜಾತಿ. ಒಂದು ಪರಿಚಯದ್ದು. ಗೋಡೆಗೆ ಬಡಿದ ಚೆಂಡು ಎತ್ತ ಪುಟಿಯುತ್ತದೆ ಅನ್ನೋ ತಿಳುವಳಿಕೆ. ಅದು ನ್ಯಾಯವಾಗಿ ಗಳಿಸಿದ್ದು. ಹೊರಗಿನಿಂದ ಬಂದವನು ಅದನ್ನು ಕಲಿಯಬೇಕು. ನಾವು ಮುಂಬಯಿಯಲ್ಲಿ ಮರಾಠಿ ಕಲಿತೆವು, ಲೋಕಲ್ಲಿನಲ್ಲಿ ಯಾವ ಬಾಗಿಲಿಗೆ ನಿಲ್ಲಬೇಕು ಅಂತ ಕಲಿತೆವು. ಬೆಂಗಳೂರಿಗೆ ಬಂದವನು ಕನ್ನಡ ಕಲಿಯಲಿ ಅಂತ ನೀವು ಕೇಳುವುದು ನೂರಕ್ಕೆ ನೂರು ಸರಿ. ಪಿಚ್ಚು ಓದಲಾರದವನು ಪಿಚ್ಚನ್ನು ಬೈಯಬಾರದು.

ಇನ್ನೊಂದು ಬೆರಳಿನದು. ಅದು ಗಳಿಸಿದ್ದಲ್ಲ, ಸುತ್ತ ನಮ್ಮವರಿದ್ದಾರೆ ಅನ್ನೋ ಕಾರಣಕ್ಕೆ ಪುಕ್ಕಟೆ ಬಂದದ್ದು. 1960ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಣ್ಣಿನ ಮಕ್ಕಳು ಅನ್ನುವ ಕೂಗು ಎದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ ಕಲ್ಲು ಹೊಡೆದವರು ಕೆಲವೇ ಮಂದಿ. ನಮ್ಮ ಹಿರಿಯರು ಹೇಳುತ್ತಿದ್ದದ್ದು ಕಲ್ಲಿನ ಮಾತಲ್ಲ. ಆಮೇಲಿನ ಮಾತು. ಮನೆ ಕೊಡುವವನ ಅನುಮಾನ, ಕಚೇರಿಯ ಗುಮಾಸ್ತೆಯ "ನಾಳೆ ಬನ್ನಿ", ಗೆರೆಯ ಮೇಲೆ ಬಿದ್ದ ಪ್ರತಿ ಎಸೆತಕ್ಕೂ ಏಳುವ ಬೆರಳು. ಅವರಲ್ಲಿ ಯಾರೂ ಕೆಟ್ಟವರಲ್ಲ. ನನ್ನ ಹಾಗೇ ಅನುಮಾನ ಬಂದಾಗ ಸುತ್ತಲಿನ ಕಡೆಗೆ ವಾಲಿದವರು. ಇವತ್ತು ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಕೇಳಿಕೊಂಡು, ಕೆಲಸ ಕೇಳಿಕೊಂಡು ಬಂದು ನಿಂತವರ ಮುಂದೆ ಬಿಳಿ ಕೋಟು ಹಾಕಿ ನಿಂತಿರುವವರು ನೀವು. ಕಲ್ಲು ಹೊಡೆಯದಿದ್ದರೆ ಸಾಕು, ನಾವು ಒಳ್ಳೆಯವರು ಅಂದುಕೊಳ್ಳುತ್ತೀರಿ. ಸಾಲದು. ಎಸೆತ ಎಲ್ಲಿ ಬಿತ್ತು ಅಂತ ನೋಡಿದಿರಾ ಅನ್ನೋದು ಪ್ರಶ್ನೆ.

ಮತ್ತೆ ದಯವಿಟ್ಟು ಗೆದ್ದಾಗ ಅದಕ್ಕೆ ಮಣ್ಣಿನ ಹೆಸರು ಇಡಬೇಡಿ. 1982-83ರಲ್ಲಿ ಕರ್ನಾಟಕ ಬೊಂಬಾಯಿಗೇ ಬಂದು ಬೊಂಬಾಯಿಯನ್ನು ಸೋಲಿಸಿ ರಣಜಿ ತಗೊಂಡು ಹೋಯಿತು. ಅವತ್ತು ಗೆಲ್ಲಿಸಿದ್ದು ಯಾವ ಮಣ್ಣು? ಮೈಸೂರಿನಲ್ಲಿ ಮುಂಬಯಿ ಆರು ರನ್ನಿನಲ್ಲಿ ಗೆದ್ದದ್ದೂ ಹಾಗೇ, ಚೆನ್ನಾಗಿ ಆಡಿ. ಆ ಆರು ರನ್ನಿನಲ್ಲಿ ನನ್ನ ಪಾಲೇನೂ ಇಲ್ಲ ಭಾವ. ನಾನು ಅವತ್ತು ನಿಮ್ಮಷ್ಟೇ ಕೂಗಿದ್ದೆ.

ಆ ಹದಿನೇಳರ ಹುಡುಗನಿಗೆ ಈಗ ನಲವತ್ತಾದರೂ ಆಗಿರಬೇಕು. ಹೆಸರು ಗೊತ್ತಿಲ್ಲ, ಎಲ್ಲಿದ್ದಾನೋ ಗೊತ್ತಿಲ್ಲ. ಅವನು ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಹೌದಪ್ಪ, ಹೊರಗೇ ಬಿದ್ದಿತ್ತು. ನೀನು ಔಟಾಗಿರಲಿಲ್ಲ.